ತಾಲ್ಲೂಕಿನ ಅಳತೆ: ಪರಿಮಾಣಾತ್ಮಕ ಸಂಶೋಧನೆಯ ಪಾಠವಾಗಿ ನಂಜುಂಡಪ್ಪ ವರದಿ

೧

ಹೈದರಾಬಾದಿನ ಪಶ್ಚಿಮಕ್ಕೆ, ದುರ್ಗಂ ಚೆರುವಿನ ಬದಿಯ ಹಳ್ಳಿಯಾಗಿದ್ದ ಮಾದಾಪುರವು ೧೯೯೮ರಲ್ಲಿ ಸೈಬರ್ ಟವರ್ಸ್ ಕಟ್ಟಡ ತೆರೆದಂದಿನಿಂದ ಅಂಕಿ-ಅಂಶಗಳ ಪೇಟೆಯಾಗಿ ಬೆಳೆಯುತ್ತ ಬಂದಿದೆ. ದೂರದೇಶದ ಬ್ಯಾಂಕುಗಳ ಸಾಲದ ಲೆಕ್ಕ, ವಿಮಾ ಸಂಸ್ಥೆಗಳ ಪಟ್ಟಿಗಳು, ಅಂಗಡಿಗಳ ಮಾರಾಟದ ವಿವರ ಇವೆಲ್ಲ ಇಲ್ಲಿಯ ಗಣಕಯಂತ್ರಗಳಲ್ಲಿ ವಿಂಗಡಣೆಗೊಂಡು ಅರ್ಥ ಪಡೆಯುತ್ತವೆ. ಈ ವೃತ್ತಿಯಲ್ಲಿ ತೊಡಗಿದವರಲ್ಲಿಯೂ, ಅದಕ್ಕಾಗಿ ತರಬೇತಿ ಪಡೆಯುತ್ತಿರುವವರಲ್ಲಿಯೂ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳಿಂದ ಬಂದ ಕನ್ನಡ ತರುಣ-ತರುಣಿಯರು ಇದ್ದಾರೆ. ವಾಣಿಜ್ಯ ಮತ್ತು ಅರ್ಥಶಾಸ್ತ್ರಗಳಿಗೆ ಬೇಕಾದ ಪರಿಮಾಣಾತ್ಮಕ ಸಂಶೋಧನಾ ವಿಧಾನಗಳನ್ನು ಕಲಿಯುವುದು ಅವರ ಪಾಲಿಗೆ ಜೀವನೋಪಾಯದ ವಿದ್ಯೆಯಾಗಿದೆ.

ಈ ವಿದ್ಯೆಯನ್ನು ಕಲಿಸುವ ರೂಢಿಯ ಕ್ರಮವೊಂದಿದೆ. ಅಭ್ಯಾಸಿಗೆ ಮೊದಲು ತಂತ್ರಾಂಶವನ್ನು ಪರಿಚಯಿಸುತ್ತಾರೆ. ಬಳಿಕ ಸರಾಸರಿ, ವಿಚಲನೆ, ಸಹಸಂಬಂಧ, ರಿಗ್ರೆಷನ್ ಎಂದು ಒಂದೊಂದಾಗಿ ಮೆಟ್ಟಿಲು ಹತ್ತಿಸುತ್ತಾರೆ. ಉದಾಹರಣೆಗೆಂದು ಕೊಡುವ ಅಂಕಿ-ಅಂಶಗಳೂ ಬಹುಮಟ್ಟಿಗೆ ಗೊತ್ತಾದವುಗಳೇ: ಫಿಷರ್ ೧೯೩೬ರಲ್ಲಿ ಬಳಸಿದ ಐರಿಸ್ ಹೂಗಳ ಅಳತೆ, ಟೈಟಾನಿಕ್ ಹಡಗಿನ ಪ್ರಯಾಣಿಕರ ಪಟ್ಟಿ, ಬಾಸ್ಟನ್ ನಗರದ ಮನೆಗಳ ಬೆಲೆ. ಇವುಗಳಲ್ಲಿ ದೋಷವಿದೆಯೆಂದಲ್ಲ. ಆದರೆ ಇವು ತೊಳೆದು, ಕೇರಿ, ಹಸನುಮಾಡಿ ಕೊಟ್ಟ ಅಕ್ಕಿಯಂತಿವೆ. ಅಳೆದವರು ಯಾರು, ಯಾವ ಕೊಳಗದಿಂದ ಅಳೆದರು, ಅಳತೆಯಿಂದ ಹೊರಗುಳಿದದ್ದು ಯಾವುದು ಎಂಬ ಪ್ರಶ್ನೆಗಳು ಅಭ್ಯಾಸಿಯ ಮನಸ್ಸಿನಲ್ಲಿ ಏಳುವ ಪ್ರಸಂಗವೇ ಬರುವುದಿಲ್ಲ. ಪರಿಣಾಮವಾಗಿ ಆತನು ಎಣಿಕೆಯಲ್ಲಿ ನಿಪುಣನಾಗುತ್ತಾನೆ, ಅಳತೆಯಲ್ಲಿ ಆಗುವುದಿಲ್ಲ.

ಅಳತೆಯ ವಿದ್ಯೆಯನ್ನು ಕಲಿಯಲು ಕಲ್ಯಾಣ ಕರ್ನಾಟಕದ ಅಭ್ಯಾಸಿಯು ದೂರ ಹೋಗಬೇಕಾಗಿಲ್ಲ. ಆತನ ಸ್ವಂತ ತಾಲ್ಲೂಕನ್ನೇ ಅಳೆದು ಸಂಖ್ಯೆಯೊಂದನ್ನು ಕೊಟ್ಟ ಗ್ರಂಥವಿದೆ. ಅದು ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಪ್ರಾದೇಶಿಕ ಅಸಮತೋಲನ ನಿವಾರಣಾ ಉನ್ನತಾಧಿಕಾರ ಸಮಿತಿಯು ೨೦೦೨ರಲ್ಲಿ ಕರ್ನಾಟಕ ಸರ್ಕಾರಕ್ಕೆ ಸಲ್ಲಿಸಿದ ವರದಿ. ಈ ವರದಿಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ಅದರ ಪಟ್ಟಿಗಳನ್ನು ಬಿಡಿಸಿ ಓದಿದವರು ಇನ್ನೂ ವಿರಳ. ಸಭೆಗಳಲ್ಲಿ ಅದು ಘೋಷಣೆಯಾಗಿದೆ. ವಿರೋಧಿಸುವವರ ಬಾಯಲ್ಲಿ ಹಳೆಯ ಕಡತವಾಗಿದೆ. ಎರಡೂ ಪಕ್ಷದವರು ಅದನ್ನು ಸಂಶೋಧನಾ ಕೃತಿಯೆಂದು ವಿಮರ್ಶಿಸಿದ್ದು ಕಡಮೆ. ಆ ಕೃತಿಯ ವಿಧಾನವನ್ನು ಗುಣದೋಷಗಳೊಡನೆ ಪರಿಶೀಲಿಸುವುದೂ, ವಿಧಾನಗಳ ಶಿಕ್ಷಣಕ್ಕೆ ಅದರಿಂದ ದೊರೆಯುವ ಪಾಠವೇನೆಂದು ನೋಡುವುದೂ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

೨

ನಂಜುಂಡಪ್ಪನವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ರಾಜ್ಯದ ಯೋಜನಾ ಕಾರ್ಯದಲ್ಲಿ ದೀರ್ಘಕಾಲ ದುಡಿದವರು. ಸಮಿತಿಯ ಮುಂದಿದ್ದ ಪ್ರಶ್ನೆಯು ೧೯೫೬ರ ನವೆಂಬರ್ ೧ರಷ್ಟು ಹಳೆಯದು. ಅಂದು ಹೈದರಾಬಾದ್ ಸಂಸ್ಥಾನದ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಕನ್ನಡ ಭಾಗಗಳೂ, ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳೂ ಮೈಸೂರಿನೊಡನೆ ಒಂದಾದುವು. ಒಂದಾದ ಭಾಗಗಳು ಸಮಾನವಾಗಿರಲಿಲ್ಲವೆಂಬುದು ಎಲ್ಲರಿಗೂ ತಿಳಿದಿತ್ತು. ಎಷ್ಟು ಅಸಮಾನವೆಂಬುದನ್ನು ತಾಲ್ಲೂಕಿನ ಮಟ್ಟದಲ್ಲಿ, ಒಂದೇ ಮಾನದಿಂದ, ಇಡೀ ರಾಜ್ಯಕ್ಕೆ ಅನ್ವಯಿಸಿ ಹೇಳುವ ಕೆಲಸ ಉಳಿದಿತ್ತು.

ಸಮಿತಿಯು ೩೫ ಸೂಚಕಗಳನ್ನು ಆರಿಸಿಕೊಂಡಿತು. ಬೇಸಾಯ, ಕೈಗಾರಿಕೆ-ವ್ಯಾಪಾರ-ಹಣಕಾಸು, ಆರ್ಥಿಕ ಸೌಕರ್ಯ, ಸಾಮಾಜಿಕ ಸೌಕರ್ಯ, ಜನಸಂಖ್ಯೆಯ ಲಕ್ಷಣ ಎಂಬ ಐದು ವರ್ಗಗಳಲ್ಲಿ ಇವು ಹಂಚಿಕೊಂಡಿವೆ. ನೀರಾವರಿ ಭೂಮಿಯ ಪಾಲು, ಲಕ್ಷ ಜನಕ್ಕೆ ಬ್ಯಾಂಕ್ ಶಾಖೆಗಳೆಷ್ಟು, ಅಂಚೆ ಕಚೇರಿಗಳೆಷ್ಟು, ದೂರವಾಣಿಗಳೆಷ್ಟು, ವೈದ್ಯರೆಷ್ಟು, ಸಾಕ್ಷರತೆಯ ಪ್ರಮಾಣವೆಷ್ಟು ಮುಂತಾದವು ಅವುಗಳಲ್ಲಿ ಸೇರಿವೆ. ಇವನ್ನೆಲ್ಲ ಒಗ್ಗೂಡಿಸಿ ಸಮಗ್ರ ಸಂಯುಕ್ತ ಅಭಿವೃದ್ಧಿ ಸೂಚ್ಯಂಕವನ್ನು ರಚಿಸಲಾಯಿತು. ರಾಜ್ಯದ ಸರಾಸರಿಯನ್ನು ೧ ಎಂದು ಹಿಡಿದು, ಅದಕ್ಕಿಂತ ಕೆಳಗಿನ ತಾಲ್ಲೂಕುಗಳನ್ನು ಮೂರು ದರ್ಜೆಗಳಲ್ಲಿ ಇಡಲಾಯಿತು: ೦.೮೯ರಿಂದ ೦.೯೯ರವರೆಗೆ ಹಿಂದುಳಿದವು, ೦.೮೦ರಿಂದ ೦.೮೮ರವರೆಗೆ ಅತಿ ಹಿಂದುಳಿದವು, ೦.೫೩ರಿಂದ ೦.೭೯ರವರೆಗೆ ಅತ್ಯಂತ ಹಿಂದುಳಿದವು. ಆ ಕೊನೆಯ ೦.೫೩ ರಾಯಚೂರು ಜಿಲ್ಲೆಯ ದೇವದುರ್ಗದ ಅಂಕ. ಅಂದಿನ ೧೭೫ ತಾಲ್ಲೂಕುಗಳಲ್ಲಿ ೧೧೪ ಈ ಮೂರು ದರ್ಜೆಗಳಲ್ಲಿ ಬಂದುವು. ಅವುಗಳ ಏಳಿಗೆಗಾಗಿ ಎಂಟು ವರ್ಷಗಳಲ್ಲಿ ೩೧,೦೦೦ ಕೋಟಿ ರೂಪಾಯಿಗಳ ವಿಶೇಷ ಯೋಜನೆಯನ್ನು ಸಮಿತಿ ಸೂಚಿಸಿತು.

ವರದಿಯ ಹಿರಿಮೆಯನ್ನು ಮೊದಲು ಹೇಳುವುದು ನ್ಯಾಯ. ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಮೂಲಘಟಕವಾಗಿ ಹಿಡಿದದ್ದು ಅದರ ಮೊದಲನೆಯ ಗುಣ. ಜಿಲ್ಲೆಯ ಸರಾಸರಿಯ ನೆರಳಿನಲ್ಲಿ ಅಡಗಿದ್ದ ಬಡ ತಾಲ್ಲೂಕುಗಳು ಇದರಿಂದ ಬೆಳಕಿಗೆ ಬಂದುವು. ಎಲ್ಲ ತಾಲ್ಲೂಕುಗಳಿಗೂ ಒಂದೇ ಮಾನದಂಡವನ್ನು ಹಿಡಿದದ್ದು ಎರಡನೆಯದು. ಪ್ರಾದೇಶಿಕ ಅಭಿಮಾನದ ಮಾತನ್ನು ಪರೀಕ್ಷಿಸಬಹುದಾದ ಪ್ರಮೇಯವನ್ನಾಗಿ ಮಾರ್ಪಡಿಸಿದ್ದು ಮೂರನೆಯದು, ಎಲ್ಲಕ್ಕಿಂತ ದೊಡ್ಡದು. “ನಮಗೆ ಅನ್ಯಾಯವಾಗಿದೆ” ಎಂಬ ಮಾತಿಗೆ ಉತ್ತರವಾಗಿ ಇನ್ನೊಂದು ಕೂಗು ಮಾತ್ರ ಸಾಧ್ಯ, “ಈ ತಾಲ್ಲೂಕಿನ ಸೂಚ್ಯಂಕ ೦.೫೩” ಎಂಬ ಮಾತಿಗೆ ಲೆಕ್ಕದ ಉತ್ತರ ಸಾಧ್ಯ. ವಿಮರ್ಶೆಗೆ ತನ್ನನ್ನು ಒಡ್ಡಿಕೊಳ್ಳುವುದೇ ಶಾಸ್ತ್ರೀಯ ಕೃತಿಯ ಲಕ್ಷಣವಾದುದರಿಂದ, ಮುಂದೆ ಹೇಳುವ ಆಕ್ಷೇಪಗಳು ವರದಿಯ ಗೌರವಕ್ಕೆ ಕುಂದಲ್ಲ.

೩

ಪಟ್ಟಿಯನ್ನು ಓದುವುದೇ ಒಂದು ಪಾಠ. ಸಮಿತಿಯ ಎಣಿಕೆಯಂತೆ ನಾಲ್ಕು ವಿಭಾಗಗಳ ಸ್ಥಿತಿ ಹೀಗಿದೆ. ಗುಲ್ಬರ್ಗ ವಿಭಾಗದ ೩೧ ತಾಲ್ಲೂಕುಗಳಲ್ಲಿ ೨೮ ಹಿಂದುಳಿದವು. ಬೆಳಗಾವಿ ವಿಭಾಗದ ೪೯ರಲ್ಲಿ ೩೧. ಬೆಂಗಳೂರು ವಿಭಾಗದ ೫೧ರಲ್ಲಿ ೩೩. ಮೈಸೂರು ವಿಭಾಗದ ೪೪ರಲ್ಲಿ ೨೨. ಬರಿಯ ಸಂಖ್ಯೆಯನ್ನು ನೋಡಿದರೆ ಬೆಂಗಳೂರು ವಿಭಾಗವೇ ಎಲ್ಲಕ್ಕಿಂತ ಹಿಂದುಳಿದದ್ದೆಂದು ವಾದಿಸಬಹುದು. ಹಾಗೆ ವಾದಿಸಿದವರೂ ಉಂಟು. ಪ್ರಮಾಣವನ್ನು ನೋಡಿದರೆ ಚಿತ್ರ ಬದಲಾಗುತ್ತದೆ: ಗುಲ್ಬರ್ಗದಲ್ಲಿ ನೂರಕ್ಕೆ ೯೦, ಬೆಂಗಳೂರಿನಲ್ಲಿ ೬೫, ಬೆಳಗಾವಿಯಲ್ಲಿ ೬೩, ಮೈಸೂರಿನಲ್ಲಿ ೫೦. ಆಳವನ್ನು ನೋಡಿದರೆ ಅದು ಮತ್ತೊಮ್ಮೆ ಬದಲಾಗುತ್ತದೆ. ಅತ್ಯಂತ ಹಿಂದುಳಿದ ೩೯ ತಾಲ್ಲೂಕುಗಳಲ್ಲಿ ೨೧ ಗುಲ್ಬರ್ಗ ವಿಭಾಗದವು, ೧೧ ಬೆಂಗಳೂರಿನವು, ೫ ಬೆಳಗಾವಿಯವು, ೨ ಮೈಸೂರಿನವು. ಎಂದರೆ ಗುಲ್ಬರ್ಗ ವಿಭಾಗದ ಪ್ರತಿ ಮೂರು ತಾಲ್ಲೂಕುಗಳಲ್ಲಿ ಎರಡು ಕಟ್ಟಕಡೆಯ ದರ್ಜೆಯಲ್ಲಿವೆ.

ಒಂದೇ ಪಟ್ಟಿ ಮೂರು ಪ್ರಶ್ನೆಗಳಿಗೆ ಮೂರು ಉತ್ತರ ಕೊಡುತ್ತದೆ, ಮೂರೂ ಸತ್ಯ. ಬಡತನದ ಅಳತೆಯಲ್ಲಿ ಬಡವರ ತಲೆಯೆಣಿಕೆಯೊಂದೇ ಸಾಲದು, ಬಡತನದ ಗೆರೆಯಿಂದ ಅವರೆಷ್ಟು ಕೆಳಗಿದ್ದಾರೆಂಬುದನ್ನೂ ಲೆಕ್ಕಿಸಬೇಕೆಂದು ಅಮರ್ತ್ಯ ಸೇನರು ೧೯೭೬ರ ಪ್ರಬಂಧದಲ್ಲಿ ತೋರಿಸಿಕೊಟ್ಟ ತತ್ತ್ವವೇ ಇದು. ೧ರಿಂದ ಎಷ್ಟು ಕೊರತೆಯಿದೆಯೆಂಬುದನ್ನು ಲೆಕ್ಕಹಾಕಿ ಸಂಚಿತ ವಂಚಿತತೆಯ ಸೂಚ್ಯಂಕವನ್ನು ರಚಿಸುವಾಗ ಸಮಿತಿಯು ಈ ತತ್ತ್ವವನ್ನೇ ಅನುಸರಿಸಿದೆ. ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಉತ್ತರ-ದಕ್ಷಿಣವೆಂಬ ಸುಲಭವಾದ ವಿಭಜನೆಯನ್ನು ಈ ಅಂಕೆಗಳು ಪೂರ್ತಿಯಾಗಿ ಸಮರ್ಥಿಸುವುದಿಲ್ಲ; ಅತ್ಯಂತ ಹಿಂದುಳಿದ ತಾಲ್ಲೂಕುಗಳು ಬೆಳಗಾವಿ ವಿಭಾಗಕ್ಕಿಂತ ಬೆಂಗಳೂರು ವಿಭಾಗದಲ್ಲಿಯೇ ಹೆಚ್ಚಿವೆ. ಘೋಷಣೆಯನ್ನು ಕೂಗುವವರಿಗೆ ಇದು ಇಷ್ಟವಾಗದು. ಸಂಖ್ಯೆಯನ್ನು ಸಾಕ್ಷಿಯಾಗಿ ಕರೆದವರು ಆ ಸಾಕ್ಷಿಯ ಪೂರ್ಣ ಹೇಳಿಕೆಯನ್ನು ಕೇಳಲೇಬೇಕಾಗುತ್ತದೆ.

೪

ಇನ್ನು ಆಕ್ಷೇಪಗಳು. ಮೊದಲನೆಯದು ಸರಾಸರಿಯ ವಿಷಯ. ೧೭೫ರಲ್ಲಿ ೧೧೪, ಎಂದರೆ ನೂರಕ್ಕೆ ೬೫ ತಾಲ್ಲೂಕುಗಳು ಸರಾಸರಿಗಿಂತ ಕೆಳಗಿರುವುದು ಹೇಗೆ? ಐದು ತಾಲ್ಲೂಕುಗಳ ಅಂಕಗಳು ೦.೭, ೦.೮, ೦.೮, ೦.೯, ೧.೮ ಎಂದು ಕಲ್ಪಿಸಿಕೊಂಡರೆ ಸರಾಸರಿ ಸರಿಯಾಗಿ ೧ ಆಗುತ್ತದೆ. ಆದರೆ ಐದರಲ್ಲಿ ನಾಲ್ಕು ಅದರ ಕೆಳಗೆ ಬೀಳುತ್ತವೆ. ಮಧ್ಯಾಂಕ ೦.೮ ಮಾತ್ರ. ಬೆಂಗಳೂರಿನಂಥ ಮಹಾನಗರವಿರುವ ರಾಜ್ಯದಲ್ಲಿ ಸರಾಸರಿಯೆಂಬುದು ಸಾಮಾನ್ಯ ತಾಲ್ಲೂಕಿನ ಸ್ಥಿತಿಯನ್ನು ಹೇಳುವುದಿಲ್ಲ. ಮಹಾನಗರದ ಎಳೆತವನ್ನು ಹೇಳುತ್ತದೆ. ಬೆಂಗಳೂರು ಇನ್ನಷ್ಟು ಬೆಳೆದರೆ, ದೇವದುರ್ಗದಲ್ಲಿ ಒಂದು ಶಾಲೆಯೂ ಮುಚ್ಚದೆ, ಒಬ್ಬ ವೈದ್ಯನೂ ಹೋಗದೆ, ಅದರ ಅಂಕವು ಇಳಿಯಬಹುದು. ಹೋಲಿಕೆಯಿಂದ ಹಿಂದುಳಿದದ್ದು ಬೇರೆ, ಮನುಷ್ಯನಿಗೆ ಅವಶ್ಯವಾದುದು ಇಲ್ಲದಿರುವುದು ಬೇರೆ. ಕುಡಿಯುವ ನೀರು, ಹೆರಿಗೆಯ ವೈದ್ಯ, ಮಗುವಿನ ಓದು ಇಂಥವುಗಳಿಗೆ ರಾಜ್ಯದ ಸರಾಸರಿಗಿಂತ ಒಂದು ನಿಶ್ಚಿತವಾದ ಕನಿಷ್ಠ ಮಟ್ಟವೇ ಯೋಗ್ಯವಾದ ಗೆರೆ.

ಎರಡನೆಯದು ತೂಕದ ವಿಷಯ. ಮೂವತ್ತೈದು ಸೂಚಕಗಳಿಗೆ ಯಾವ ಯಾವ ತೂಕವಿಡಬೇಕೆಂಬ ಪ್ರಶ್ನೆಗೆ ನಿಸರ್ಗದಲ್ಲಿ ಉತ್ತರವಿಲ್ಲ. ಒಂದು ಕಲ್ಪಿತ ಲೆಕ್ಕವನ್ನು ನೋಡಬಹುದು. ‘ಅ’ ತಾಲ್ಲೂಕಿನಲ್ಲಿ ನೀರಾವರಿ ೧.೩, ವೈದ್ಯಸೌಕರ್ಯ ೦.೭, ‘ಆ’ ತಾಲ್ಲೂಕಿನಲ್ಲಿ ನೀರಾವರಿ ೦.೮, ವೈದ್ಯಸೌಕರ್ಯ ೧.೧. ಎರಡಕ್ಕೂ ಸಮತೂಕವಿಟ್ಟರೆ ‘ಅ’ಗೆ ೧, ‘ಆ’ಗೆ ೦.೯೫, ವೈದ್ಯಸೌಕರ್ಯಕ್ಕೆ ಇಮ್ಮಡಿ ತೂಕವಿಟ್ಟರೆ ‘ಅ’ಗೆ ೦.೯, ‘ಆ’ಗೆ ೧. ಅಂಕಿ-ಅಂಶ ಬದಲಾಗಲಿಲ್ಲ, ಹಿಂದುಳಿದ ತಾಲ್ಲೂಕು ಬದಲಾಯಿತು. ಪಿಯರ್ಸನ್ ೧೯೦೧ರಲ್ಲಿಯೂ ಹೋಟೆಲಿಂಗ್ ೧೯೩೩ರಲ್ಲಿಯೂ ರೂಪಿಸಿದ ಪ್ರಧಾನ ಘಟಕ ವಿಶ್ಲೇಷಣೆಯಿಂದ ತೂಕಗಳನ್ನು ಯಂತ್ರವೇ ನಿರ್ಣಯಿಸುವಂತೆ ಮಾಡಬಹುದೆಂದು ತರಬೇತಿಯಲ್ಲಿ ಕಲಿಸುತ್ತಾರೆ. ಆದರೆ ಆ ವಿಧಾನವು ಒಟ್ಟಿಗೆ ಏರಿಳಿಯುವ ಸೂಚಕಗಳಿಗೆ ಹೆಚ್ಚು ತೂಕ ಕೊಡುತ್ತದೆಯೇ ಹೊರತು, ಜನರ ಬಾಳಿಗೆ ಹೆಚ್ಚು ಬೇಕಾದವುಗಳಿಗೆ ಕೊಡುವುದಿಲ್ಲ. ತೂಕವಿಡುವುದು ಮೌಲ್ಯನಿರ್ಣಯ, ಅದನ್ನು ಗಣಿತದ ಹಿಂದೆ ಮರೆಮಾಡುವುದು ಶಾಸ್ತ್ರವಲ್ಲ.

ಮೂರನೆಯದು ಪರಿಹಾರಗುಣ. ಸೂಚಕಗಳನ್ನು ಕೂಡಿಸುವ ಪದ್ಧತಿಯಲ್ಲಿ ಒಂದರ ಹೆಚ್ಚಳ ಇನ್ನೊಂದರ ಕೊರತೆಯನ್ನು ತುಂಬಿಬಿಡುತ್ತದೆ. ಸಾಕ್ಷರತೆ ೦.೫, ದೂರವಾಣಿ ೧.೫ ಇದ್ದರೆ ಕೂಡಿ ಭಾಗಿಸಿದಾಗ ೧ ಬರುತ್ತದೆ, ತಾಲ್ಲೂಕು ಗೆರೆಯ ಮೇಲೆ ನಿಲ್ಲುತ್ತದೆ. ಗುಣಿಸಿ ವರ್ಗಮೂಲವನ್ನು ತೆಗೆದರೆ ೦.೮೭ ಬರುತ್ತದೆ, ಅದೇ ತಾಲ್ಲೂಕು ಅತಿ ಹಿಂದುಳಿದ ದರ್ಜೆಗೆ ಇಳಿಯುತ್ತದೆ. ೧೯೯೦ರಲ್ಲಿ ಪ್ರಾರಂಭವಾದ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕವು ೨೦೧೦ರಲ್ಲಿ ಕೂಡುವ ಸರಾಸರಿಯನ್ನು ಬಿಟ್ಟು ಗುಣಿಸುವ ಸರಾಸರಿಗೆ ಹೋದದ್ದು ಈ ತೊಡಕನ್ನು ಕಡಮೆ ಮಾಡುವುದಕ್ಕಾಗಿಯೇ. ಅಕ್ಷರವಿಲ್ಲದವನಿಗೆ ದೂರವಾಣಿಯು ಪರಿಹಾರವಲ್ಲವೆಂಬುದನ್ನು ಸೂತ್ರವೂ ಒಪ್ಪಿಕೊಳ್ಳಬೇಕಾಯಿತು.

೫

ಇವೆಲ್ಲ ಸಂಖ್ಯಾಶಾಸ್ತ್ರದ ಗ್ರಂಥಗಳಲ್ಲಿ ಚರ್ಚಿತವಾದ ಆಕ್ಷೇಪಗಳು. ನಾಲ್ಕನೆಯದು ಮಾತ್ರ ಕಲ್ಯಾಣ ಕರ್ನಾಟಕದ ಮಣ್ಣಿನಲ್ಲಿಯೇ ಹುಟ್ಟಿದ್ದು, ಹೈದರಾಬಾದಿನ ಕನ್ನಡಿಗರಿಗೆ ಅತ್ಯಂತ ಸಮೀಪವಾದದ್ದು. ಅದು ಛೇದದ ಪ್ರಶ್ನೆ.

ವರದಿಯ ಸೂಚಕಗಳಲ್ಲಿ ಬಹಳಷ್ಟು “ಲಕ್ಷ ಜನಕ್ಕೆ ಇಷ್ಟು” ಎಂಬ ರೂಪದಲ್ಲಿವೆ. ಮೇಲಿನ ಅಂಶದ ಬಗ್ಗೆ, ಎಂದರೆ ಶಾಖೆ, ವೈದ್ಯ, ಅಂಚೆ ಕಚೇರಿಗಳ ಎಣಿಕೆಯ ಬಗ್ಗೆ ಚರ್ಚೆ ನಡೆಯುತ್ತದೆ. ಕೆಳಗಿರುವ ಜನಸಂಖ್ಯೆಯನ್ನು ಎಲ್ಲರೂ ಸಿದ್ಧವಸ್ತುವೆಂದು ಸ್ವೀಕರಿಸುತ್ತಾರೆ. ಆ ಜನಸಂಖ್ಯೆ ಬರುವುದು ಜನಗಣತಿಯಿಂದ. ೨೦೦೧ರ ಗಣತಿಯು ಫೆಬ್ರುವರಿ ೯ರಿಂದ ೨೮ರವರೆಗೆ ನಡೆಯಿತು. ಗಣತಿಯ ನಿಯಮದಂತೆ, ಆ ಅವಧಿಯಲ್ಲಿ ಒಮ್ಮೆಯಾದರೂ ಮನೆಯಲ್ಲಿದ್ದವನನ್ನು ಮನೆಯಲ್ಲಿಯೂ, ಅವಧಿಯುದ್ದಕ್ಕೂ ಹೊರಗಿದ್ದವನನ್ನು ಸಿಕ್ಕಿದ ಸ್ಥಳದಲ್ಲಿಯೂ ಎಣಿಸಬೇಕು. ಮಳೆಯನ್ನೇ ನಂಬಿದ ತಾಲ್ಲೂಕುಗಳಲ್ಲಿ ಫೆಬ್ರುವರಿಯೆಂದರೆ ಗುಳೆಯ ಕಾಲ. ಮನೆಗೆ ಬೀಗ ಹಾಕಿ, ಮುದುಕರನ್ನು ಊರಲ್ಲಿ ಬಿಟ್ಟು, ಕುಟುಂಬಗಳು ಹೈದರಾಬಾದಿಗೂ ಬೆಂಗಳೂರಿಗೂ ಪುಣೆ-ಮುಂಬಯಿಗಳಿಗೂ ಕಟ್ಟಡದ ಕೆಲಸಕ್ಕೆ ಹೋಗಿರುತ್ತವೆ. ಮುಂಗಾರಿನ ಹೊತ್ತಿಗೆ ತಿರುಗಿ ಬರುತ್ತವೆ.

ಇದರ ಪರಿಣಾಮವನ್ನು ಕಲ್ಪಿತ ತಾಲ್ಲೂಕೊಂದರ ಲೆಕ್ಕದಿಂದ ತಿಳಿಯಬಹುದು. ಜನಸಂಖ್ಯೆ ೨,೦೦,೦೦೦, ಬ್ಯಾಂಕ್ ಶಾಖೆಗಳು ೧೦. ಲಕ್ಷ ಜನಕ್ಕೆ ೫ ಶಾಖೆಗಳಾದುವು. ಗುಳೆ ಹೋದ ೨೦,೦೦೦ ಜನ ಗಣತಿಯಲ್ಲಿ ಸಿಗದೆಹೋದರೆ ಜನಸಂಖ್ಯೆ ೧,೮೦,೦೦೦, ಲಕ್ಷಕ್ಕೆ ೫.೫೬ ಶಾಖೆಗಳು. ಹೊಸ ಶಾಖೆ ಒಂದೂ ತೆರೆಯಲಿಲ್ಲ; ಸೂಚಕ ಮಾತ್ರ ನೂರಕ್ಕೆ ೧೧ರಷ್ಟು ಏರಿತು. ಸಾಕ್ಷರತೆಯ ಲೆಕ್ಕವೂ ಹೀಗೆಯೇ. ಎರಡು ಲಕ್ಷದಲ್ಲಿ ೯೦,೦೦೦ ಸಾಕ್ಷರರಿದ್ದರೆ ನೂರಕ್ಕೆ ೪೫. ಹೊರಹೋದ ೨೦,೦೦೦ ಜನರಲ್ಲಿ ೪,೦೦೦ ಮಾತ್ರ ಸಾಕ್ಷರರಾಗಿದ್ದರೆ ಉಳಿದವರಲ್ಲಿ ೮೬,೦೦೦ ಸಾಕ್ಷರರು, ನೂರಕ್ಕೆ ೪೭.೮. ಯಾರೂ ಅಕ್ಷರ ಕಲಿಯಲಿಲ್ಲ. ಅಕ್ಷರ ಕಲಿಯದವರು ಊರು ಬಿಟ್ಟರು, ಅಷ್ಟೇ. ಹಿಂದುಳಿದಿರುವಿಕೆಯ ಅತ್ಯಂತ ಸ್ಪಷ್ಟವಾದ ಗುರುತು ಗುಳೆ. ಅದು ಸೂಚ್ಯಂಕದೊಳಗೆ ಬಂದು ಸೇರುವಾಗ ಮುನ್ನಡೆಯ ವೇಷವನ್ನು ಧರಿಸಿಬಿಡುವ ಅಪಾಯವಿದೆ. ಹೊರಹೋದವರ ಎಣಿಕೆಯೇ ಒಂದು ಸ್ವತಂತ್ರ ಸೂಚಕವಾಗಿ ನಿಲ್ಲದ ಹೊರತು ಈ ತೊಡಕು ಬಿಡದು.

ಬ್ಯಾಂಕಿನ ಅಂಕಿ-ಅಂಶಗಳಲ್ಲಿಯೂ ಇದೇ ಬಗೆಯ ಸ್ಥಳದೋಷವುಂಟು. ರಿಸರ್ವ್ ಬ್ಯಾಂಕು ೧೯೭೨ರಿಂದ ಸಂಗ್ರಹಿಸುತ್ತ ಬಂದ ಮೂಲಭೂತ ಅಂಕಿ-ಅಂಶಗಳ ವರದಿಗಳಲ್ಲಿ ಸಾಲವು ಮಂಜೂರಾದ ಸ್ಥಳವನ್ನೂ ಬಳಕೆಯಾದ ಸ್ಥಳವನ್ನೂ ಬೇರೆ ಬೇರೆಯಾಗಿ ಗುರುತಿಸುವ ವ್ಯವಸ್ಥೆಯಿದೆ. ನಗರದ ಶಾಖೆಯಲ್ಲಿ ಮಂಜೂರಾದ ಸಾಲ ಹಳ್ಳಿಯ ಕಾರ್ಖಾನೆಯಲ್ಲಿ ಬಳಕೆಯಾಗಬಹುದು. ಹಳ್ಳಿಯ ಶಾಖೆಯಲ್ಲಿ ಕೂಡಿದ ಠೇವಣಿಯು ಮಾದಾಪುರದ ಕಟ್ಟಡದ ಕೂಲಿಯಾಗಿ ಬಂದಿರಬಹುದು. ತಲಾ ಠೇವಣಿ ಏರಿತೆಂದರೆ ತಾಲ್ಲೂಕಿನಲ್ಲಿ ಉತ್ಪನ್ನ ಹೆಚ್ಚಿತೆಂದು ಅರ್ಥವಲ್ಲ. ತಾಲ್ಲೂಕಿನ ತೋಳುಗಳು ಬೇರೆಡೆ ದುಡಿದುವೆಂದು ಅರ್ಥವಿರಬಹುದು. ಅಂಕೆ ಒಂದೇ, ಅದರ ಹಿಂದಿನ ಕಥೆಗಳು ಎರಡು. ಯಾವ ತಂತ್ರಾಂಶವೂ ಈ ಎರಡನ್ನು ತಾನಾಗಿ ಬೇರ್ಪಡಿಸಲಾರದು.

೬

ಕಚೇರಿಯ ದಾಖಲೆಗಳಿಂದ ಮಾಡಿದ ಅಳತೆಗೆ ಪೂರಕವಾಗಿ ಊರಿನಲ್ಲಿ ಕುಳಿತು ಮಾಡುವ ಅಳತೆಯೊಂದಿದೆ. ಅದರ ಎರಡು ನಿದರ್ಶನಗಳನ್ನು ವರದಿಯ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ.

ಟಿ. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದುಷಿಯು ೧೯೫೪ರಿಂದ ೧೯೫೬ರವರೆಗೆ ಮಂಡ್ಯದ ಸೀಮೆಯ ಎರಡು ಹಳ್ಳಿಗಳಲ್ಲಿ ವಾಸಿಸಿ, ಮನೆಮನೆಯ ಆದಾಯ-ವೆಚ್ಚಗಳನ್ನು ಲೆಕ್ಕಹಾಕಿ, ೧೯೬೨ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಹಳ್ಳಿಗಳಿಗೆ ‘ವಂಗಲ’, ‘ದಲೇನ’ ಎಂಬ ಕಲ್ಪಿತ ಹೆಸರುಗಳನ್ನು ಕೊಟ್ಟರು. ವಂಗಲಕ್ಕೆ ಕಾಲುವೆಯ ನೀರು ಬಂದಿತು. ದಲೇನ ಎತ್ತರದಲ್ಲಿದ್ದುದರಿಂದ ಒಣಗಿಯೇ ಉಳಿಯಿತು. ನೀರಾವರಿ ಭೂಮಿಯ ಪಾಲನ್ನು ಸೂಚಕವಾಗಿ ಹಿಡಿದರೆ ವಂಗಲ ಮುಂದುವರಿದದ್ದು, ದಲೇನ ಹಿಂದುಳಿದದ್ದು. ಎಪ್‌ಸ್ಟೀನರು ಕಂಡದ್ದು ಬೇರೆ. ವಂಗಲವು ಕಬ್ಬು ಬೆಳೆದು ಸಿರಿವಂತವಾದರೂ ಬೇಸಾಯದ ಹಳೆಯ ಸಂಬಂಧಗಳಲ್ಲಿಯೇ ನಿಂತಿತು. ನೀರು ಸಿಗದ ದಲೇನದವರು ಸುತ್ತಲಿನ ಸಮೃದ್ಧಿಯನ್ನು ಬಳಸಿಕೊಂಡು ಮಂಡ್ಯದ ಕೆಲಸಗಳಿಗೆ, ವ್ಯಾಪಾರಕ್ಕೆ, ಇತರ ಉದ್ಯೋಗಗಳಿಗೆ ಹೊರಟರು, ಅವರ ಸಾಮಾಜಿಕ ಜೀವನವೇ ಹೆಚ್ಚು ಬದಲಾಯಿತು. ನೀರಿನ ಸೂಚಕವು ನೀರನ್ನು ಅಳೆಯಿತು, ಬದಲಾವಣೆಯನ್ನು ಅಳೆಯಲಿಲ್ಲ.

ಎರಡನೆಯದು ಮಾದಾಪುರಕ್ಕೆ ಅನತಿದೂರದಲ್ಲಿರುವ ಪಟಾನ್‌ಚೆರುವಿನದು. ಬೀದರಿಗೆ ಹೋಗುವ ಹೆದ್ದಾರಿಯಲ್ಲಿ ಎಷ್ಟೋ ಕನ್ನಡಿಗರು ಇಕ್ರಿಸ್ಯಾಟ್ ಸಂಸ್ಥೆಯ ಹೊಲಗಳನ್ನು ಕಂಡಿದ್ದಾರೆ. ೧೯೭೨ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ೧೯೭೫ರಿಂದ ಒಣಬೇಸಾಯದ ಹಳ್ಳಿಗಳ ಅಧ್ಯಯನವನ್ನು ಕೈಕೊಂಡಿತು. ಮಹಬೂಬನಗರ ಜಿಲ್ಲೆಯ ಔರೇಪಲ್ಲಿ, ಸೊಲ್ಲಾಪುರ ಜಿಲ್ಲೆಯ ಶಿರಾಪುರ ಮೊದಲಾದ ಹಳ್ಳಿಗಳಲ್ಲಿ ಪರಿಶೀಲಕರು ಅಲ್ಲಿಯೇ ವಾಸಿಸಿ, ಪ್ರತಿ ಹಳ್ಳಿಯಲ್ಲಿ ಸುಮಾರು ೪೦ ಮನೆತನಗಳ ಆದಾಯ, ವೆಚ್ಚ, ಸಾಲ, ಕೂಲಿಗಳನ್ನು ವರ್ಷಗಟ್ಟಲೆ ಬರೆದಿಟ್ಟರು. ಅನಂತರದ ಸುತ್ತಿನಲ್ಲಿ ಕರ್ನಾಟಕದ ವಿಜಯಪುರ, ತುಮಕೂರು ಜಿಲ್ಲೆಗಳ ಹಳ್ಳಿಗಳೂ ಸೇರಿದುವು. ರಾಬರ್ಟ್ ಟೌನ್‌ಸೆಂಡರು ೧೯೯೪ರಲ್ಲಿ, ಮಳೆ ಕೈಕೊಟ್ಟಾಗ ಹಳ್ಳಿಯ ಮನೆತನಗಳು ಪರಸ್ಪರ ನೆರವಿನಿಂದ ಅನ್ನವನ್ನು ಹೇಗೆ ಉಳಿಸಿಕೊಳ್ಳುತ್ತವೆಂಬುದನ್ನು ಈ ಲೆಕ್ಕಗಳಿಂದಲೇ ಪರೀಕ್ಷಿಸಿದರು. ಭೂಮಿಯಿಲ್ಲದವರಿಗೆ ಆ ರಕ್ಷಣೆ ಕಡಮೆಯೆಂಬುದೂ ಅದರಲ್ಲಿ ಕಂಡುಬಂದಿತು. ತಾಲ್ಲೂಕಿನ ಸೂಚ್ಯಂಕ ಎಷ್ಟು ಸೂಕ್ಷ್ಮವಾದರೂ ಈ ಮಾತನ್ನು ಹೇಳಲಾರದು. ಕಾಲುವೆಯ ತಲ್ಲೆಯಲ್ಲಿ ಭತ್ತ, ಕೊನೆಯಲ್ಲಿ ಒಣಹೊಲ ಇರುವ ತಾಲ್ಲೂಕಿಗೆ ಸರಾಸರಿ ಒಂದೇ. ಅಲ್ಲಿಯ ಮನೆಗಳು ಒಂದೇ ಅಲ್ಲ.

ಹಾಗೆಂದು ಊರಿನ ಅಧ್ಯಯನವು ತಾಲ್ಲೂಕಿನ ಸೂಚ್ಯಂಕದ ಸ್ಥಾನವನ್ನು ಹಿಡಿಯಲಾರದು. ನಲವತ್ತು ಮನೆಗಳಿಂದ ಇಡೀ ರಾಜ್ಯದ ಹಣವನ್ನು ಹಂಚುವುದು ಸಾಧ್ಯವಿಲ್ಲ. ಎಲ್ಲಿ ನೋಡಬೇಕೆಂದು ಸೂಚ್ಯಂಕ ಹೇಳುತ್ತದೆ. ಅಲ್ಲಿ ಏನಿದೆಯೆಂದು ಊರಿನ ಅಧ್ಯಯನ ಹೇಳುತ್ತದೆ. ಎರಡನ್ನೂ ಜೊತೆಯಲ್ಲಿ ಕಲಿಸದ ಪಾಠಕ್ರಮ ಅರೆಪಾಠಕ್ರಮ.

೭

ಕೊನೆಯದಾಗಿ, ಫಲದ ಪ್ರಶ್ನೆ. ವರದಿಯ ಆಧಾರದ ಮೇಲೆ ವಿಶೇಷ ಅಭಿವೃದ್ಧಿ ಯೋಜನೆಯು ೨೦೦೭-೦೮ರಿಂದ ಆರಂಭವಾಯಿತು. ಸಂವಿಧಾನದ ೩೭೧ಜೆ ವಿಧಿಗೆ ೨೦೧೨ರಲ್ಲಿ ಸಂಸತ್ತಿನ ಒಪ್ಪಿಗೆ ದೊರೆಯಿತು. ಇವುಗಳಿಂದ ತಾಲ್ಲೂಕುಗಳು ಮುಂದೆ ಬಂದುವೇ? ಅಂಕಗಳನ್ನು ಮತ್ತೆ ಲೆಕ್ಕಹಾಕಿ ಏರಿಕೆಯನ್ನು ತೋರಿಸಿದರೆ ಸಾಕೆಂದು ಹಲವರು ಭಾವಿಸುತ್ತಾರೆ. ಆದರೆ ಕಟ್ಟಕಡೆಯ ಸ್ಥಾನದಲ್ಲಿದ್ದದ್ದು ಮುಂದಿನ ಅಳತೆಯಲ್ಲಿ ಸ್ವಲ್ಪ ಮೇಲೇರುವುದು ಅಳತೆಯ ತಪ್ಪುಗಳಿಂದಲೇ ಸಂಭವಿಸಬಹುದು; ಗಾಲ್ಟನ್ನನು ೧೮೮೬ರಲ್ಲಿ ತಂದೆತಾಯಿಗಳ ಮತ್ತು ಮಕ್ಕಳ ಎತ್ತರಗಳನ್ನು ಹೋಲಿಸಿ ತೋರಿಸಿದ ಸರಾಸರಿಯೆಡೆಗಿನ ಹಿಂದಿರುಗುವಿಕೆ ಇದೇ. ೦.೮೮ ಅಂಕದ ತಾಲ್ಲೂಕಿಗೂ ೦.೮೯ ಅಂಕದ ತಾಲ್ಲೂಕಿಗೂ ನಿಜವಾದ ವ್ಯತ್ಯಾಸವಿಲ್ಲದಿದ್ದರೂ ದರ್ಜೆ ಬೇರೆ. ಒಂದು ಲಾಭವೂ ಇದರಲ್ಲಿದೆ: ಗೆರೆಯ ಆಚೀಚೆಯ ಇಂಥ ತಾಲ್ಲೂಕುಗಳನ್ನು ಹೋಲಿಸಿದರೆ ಹಣದ ಫಲವನ್ನು ಇತರ ಕಾರಣಗಳಿಂದ ಬೇರ್ಪಡಿಸಿ ತಿಳಿಯುವ ಮಾರ್ಗ ತೆರೆಯುತ್ತದೆ. ಅರ್ಥಶಾಸ್ತ್ರದ ಅಭ್ಯಾಸಿಯೊಬ್ಬನ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಅಪರೂಪ.

ಕಾಲದ ಹೋಲಿಕೆಗೆ ಬೇರೆ ಅಡ್ಡಿಗಳೂ ಇವೆ. ೧೭೫ ತಾಲ್ಲೂಕುಗಳ ಪಟ್ಟಿ ಇಂದಿಲ್ಲ. ರಾಯಚೂರು ಜಿಲ್ಲೆಯಲ್ಲಿಯೇ ಮಸ್ಕಿ, ಸಿರವಾರಗಳು ಹೊಸ ತಾಲ್ಲೂಕುಗಳಾದುವು. ೨೦೦೨ರಲ್ಲಿ ದೂರವಾಣಿಯೆಂದರೆ ಬಹುಮಟ್ಟಿಗೆ ತಂತಿಯ ದೂರವಾಣಿ. ಇಂದು ಆ ಸೂಚಕಕ್ಕೆ ಅರ್ಥವೇ ಉಳಿದಿಲ್ಲ. ೨೦೨೧ರಲ್ಲಿ ನಡೆಯಬೇಕಾಗಿದ್ದ ಜನಗಣತಿಯು ಮುಂದೂಡಲ್ಪಟ್ಟಿತು. ೨೦೨೪ರಲ್ಲಿ ಕರ್ನಾಟಕ ಸರ್ಕಾರವು ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು ಸಮಿತಿಯನ್ನು ರಚಿಸಿದಾಗ ಛೇದದ ಪ್ರಶ್ನೆ ಮೊದಲಿಗಿಂತ ಗಹನವಾಗಿಯೇ ನಿಂತಿತ್ತು.

ಇಲ್ಲಿ ಹೊರನಾಡ ಕನ್ನಡಿಗರ ಕರ್ತವ್ಯವೊಂದು ತಾನಾಗಿ ಒದಗುತ್ತದೆ. ಈ ಅಂಕಗಳಿಂದ ಅಳೆಯಲ್ಪಟ್ಟ ತಾಲ್ಲೂಕುಗಳ ಮಕ್ಕಳೇ ಮಾದಾಪುರದಲ್ಲಿ ಅಂಕೆಗಳ ವಿದ್ಯೆಯನ್ನು ಕಲಿಯುತ್ತಿದ್ದಾರೆ. ಸಂಖ್ಯಾಶಾಸ್ತ್ರದ ಜಗದ್ವಿಖ್ಯಾತ ವಿದ್ವಾಂಸರಾದ ಸಿ. ಆರ್. ರಾವ್ ಅವರು ೧೯೨೦ರಲ್ಲಿ ಹುಟ್ಟಿದ್ದು ಈ ಸೀಮೆಯ ಹೂವಿನ ಹಡಗಲಿಯಲ್ಲಿ. ಅವರ ಹೆಸರಿನ ಸಂಸ್ಥೆಯು ಹೈದರಾಬಾದ್ ವಿಶ್ವವಿದ್ಯಾಲಯದ ಆವರಣದಲ್ಲಿದೆ. ೧೯೩೧-೩೨ರ ಭಾರತದ ರಾಷ್ಟ್ರೀಯ ವರಮಾನವನ್ನು, ಸಾಧನ ಸಾಮಗ್ರಿ ತೀರ ಕಡಮೆಯಿದ್ದ ಕಾಲದಲ್ಲಿ, ಉತ್ಪನ್ನದ ಎಣಿಕೆಯನ್ನೂ ಆದಾಯದ ಎಣಿಕೆಯನ್ನೂ ಜೋಡಿಸಿ ಅಂದಾಜು ಮಾಡಿದ ವಿ. ಕೆ. ಆರ್. ವಿ. ರಾವ್ ಅವರು ಮುಂದೆ ಲೋಕಸಭೆಗೆ ಆರಿಸಿಬಂದದ್ದು ಬಳ್ಳಾರಿಯಿಂದ. ವಿದ್ಯೆಯ ಕೊರತೆ ಈ ಸೀಮೆಗಿಲ್ಲ. ವಿದ್ಯೆಯನ್ನು ಸೀಮೆಯ ಪ್ರಶ್ನೆಗಳಿಗೆ ತಿರುಗಿಸುವ ರೂಢಿಯ ಕೊರತೆಯಿದೆ.

ಆ ರೂಢಿಯನ್ನು ಬೆಳೆಸಲು ಕಷ್ಟವಾದುದೇನೂ ಬೇಕಾಗಿಲ್ಲ. ಐರಿಸ್ ಹೂವಿನ ಪಟ್ಟಿಯ ಜೊತೆಗೆ ೧೭೫ ತಾಲ್ಲೂಕುಗಳ ಪಟ್ಟಿಯನ್ನೂ ಅಭ್ಯಾಸಿಯ ಮುಂದಿಡಬೇಕು. ತೂಕಗಳನ್ನು ಬದಲಾಯಿಸಿ ಯಾವ ತಾಲ್ಲೂಕುಗಳು ಜಾಗ ಬಿಡುತ್ತವೆ, ಯಾವುವು ಬಿಡುವುದಿಲ್ಲವೆಂದು ನೋಡಲು ಹೇಳಬೇಕು. ಯಾವ ತೂಕವಿಟ್ಟರೂ ಕೆಳಗೆಯೇ ಉಳಿಯುವ ತಾಲ್ಲೂಕುಗಳ ಹಕ್ಕು ಯಾವ ವಾದಕ್ಕೂ ಅಲುಗದು. ತೂಕ ಬದಲಾದೊಡನೆ ಏರಿಳಿಯುವವುಗಳ ವಿಷಯದಲ್ಲಿ ಎಚ್ಚರ ಅಗತ್ಯ. ಆ ಮೇಲೆ ಅಭ್ಯಾಸಿಯು ರಜೆಯಲ್ಲಿ ಊರಿಗೆ ಹೋದಾಗ ತನ್ನ ಓಣಿಯಲ್ಲಿ ಎಷ್ಟು ಮನೆಗಳಿಗೆ ಬೀಗ ಬಿದ್ದಿದೆಯೆಂದು ಎಣಿಸಿ ಬರಬೇಕು. ಆ ಎಣಿಕೆ ಯಾವ ವರದಿಯಲ್ಲಿಯೂ ಸಿಗುವುದಿಲ್ಲ. ನಂಜುಂಡಪ್ಪನವರ ಸಮಿತಿ ಇಟ್ಟ ಮೊದಲ ಹೆಜ್ಜೆಯನ್ನು ಮುಂದುವರಿಸುವ ಸಂಶೋಧನೆಯು ಆರಂಭವಾಗಬೇಕಾದದ್ದು ಅಲ್ಲಿಂದಲೇ.